ಕುಂಗ್ ಫು ಪಟ್ಟು ರಿಂಗ್‌ನಲ್ಲಿ ನಡೆಯುತ್ತಾ? ಹಾಸನದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಸಂಜೆ ಹೊತ್ತು ಮಕ್ಕಳಿಗೂ ಕಾಲೇಜು ಹುಡುಗರಿಗೂ ಕುಂಗ್ ಫು ಮತ್ತು ಸಾಂಡಾ (ಗ್ಲೌಸ್ ಹಾಕಿ ಆಡುವ ಚೀನೀ ಹೊಡೆದಾಟದ ಆಟ) ಹೇಳಿಕೊಡುತ್ತೇನೆ. ಸೇರಲು ಬರುವವರು, ಸೇರಿಸಲು ಬರುವ ಅಪ್ಪ ಅಮ್ಮ, ಮೊಬೈಲ್‌ನಲ್ಲಿ ಯುಎಫ್‌ಸಿ ಕೇಜ್ ಫೈಟ್‌ಗಳನ್ನು ನೋಡಿ ಕಾಲೆಳೆಯಲು ಬರುವ ಹುಡುಗರು, ಎಲ್ಲರದ್ದೂ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ಸುತ್ತಿ ಬಳಸಿ ಬೇಡ ಮಾಸ್ಟರ್. ಕುಂಗ್ ಫು ನಿಜವಾದ ಫೈಟ್‌ನಲ್ಲಿ ನಡೆಯುತ್ತಾ, ಇಲ್ಲವಾ?

ಪಟ್ಟುಗಳಲ್ಲಿ ಬಹಳಷ್ಟು ನಡೆಯುತ್ತವೆ. ಕಲಿಸುವ ರೀತಿ ಬಹಳಷ್ಟು ಕಡೆ ನಡೆಯಲ್ಲ.

ಒದೆತ ಚೀನಾದಿಂದ ಬಂತೋ ಥಾಯ್ಲೆಂಡ್‌ನಿಂದ ಬಂತೋ ಅಂತ ಏಟು ತಿಂದ ಮೊಣಕಾಲು ವಿಚಾರಿಸುವುದಿಲ್ಲ. ಎದುರಿಗಿರುವವನು ತಪ್ಪಿಸಿಕೊಳ್ಳುತ್ತಿರುವಾಗ, ತಳ್ಳುತ್ತಿರುವಾಗ, ತಿರುಗಿ ಹೊಡೆಯುತ್ತಿರುವಾಗ ನೀವು ಆ ಪಟ್ಟನ್ನು ಎಷ್ಟು ಸಲ ಹಾಕಿ ನೋಡಿದ್ದೀರಿ ಅನ್ನುವುದೇ ಲೆಕ್ಕ. ಎಷ್ಟೋ ಕ್ಲಾಸ್‌ಗಳಲ್ಲಿ ನಡೆಯುವುದು ಬೇರೆ. ಒಬ್ಬ ಮುಷ್ಟಿ ಚಾಚಿ ಹಾಗೇ ನಿಲ್ಲುತ್ತಾನೆ. ಇನ್ನೊಬ್ಬ ಅದನ್ನು ತಡೆದು, ಮೂರು ಏಟು ಹಾಕಿ, ಕೈ ತಿರುವಿ ಕೆಡವುತ್ತಾನೆ. ಮುಷ್ಟಿ ಚಾಚಿದವನು ಅಷ್ಟು ಹೊತ್ತೂ ಕೈ ಹಿಂದಕ್ಕೆ ಎಳೆದುಕೊಂಡಿರುವುದೇ ಇಲ್ಲ! ಬೇಲೂರಿನಲ್ಲಿ ಸಳನ ಶಿಲ್ಪ ನೋಡಿದ್ದೀರಲ್ಲ. ಆ ಮೃಗ ಸಳನಿಗೆ ಅನುಕೂಲ ಮಾಡಿಕೊಡೋಣ ಅಂತ ಸುಮ್ಮನೆ ನಿಂತಿಲ್ಲ, ಮೇಲೆ ಎರಗಿದೆ.

ಹಾಗಾದ್ರೆ ಚೀನಾದ ಗುರುಗಳು ಸೆಕೆಂಡ್‌ಗಳಲ್ಲಿ ಸೋಲುವ ವಿಡಿಯೋಗಳು ಸುಳ್ಳಾ?

ಸುಳ್ಳಲ್ಲ. ಹೆಚ್ಚು ಓಡಾಡಿದ್ದು 2017ರ ಏಪ್ರಿಲ್‌ನ ವಿಡಿಯೋ. ಚೆಂಗ್ಡು ನಗರದಲ್ಲಿ ಎಂಎಂಎ (ಗುದ್ದು, ಒದೆತ, ಕುಸ್ತಿ ಎಲ್ಲ ಸೇರಿದ ಆಟ) ಹಿನ್ನೆಲೆಯ ಶು ಶಿಯಾವೊಡಾಂಗ್, ತಾಯ್ ಚಿ (ಮೆಲ್ಲಗೆ ಚಲಿಸುತ್ತಾ ಅಭ್ಯಾಸ ಮಾಡುವ ಕುಂಗ್ ಫು) ಗುರು ವೇ ಲೇ ಅವರನ್ನು ಅರ್ಧ ನಿಮಿಷವೂ ಆಗುವ ಮೊದಲೇ ನೆಲಕ್ಕೆ ಕೆಡವಿ ಹೊಡೆದರು. 2020ರಲ್ಲಿ ಮಾ ಬಾವೊಗುವೊ ಎಂಬ 69 ವರ್ಷದ ತಾಯ್ ಚಿ ಗುರು, 50ರ ಹವ್ಯಾಸಿಯೊಬ್ಬರ ಎದುರು ಅರ್ಧ ನಿಮಿಷದಲ್ಲಿ ಮೂರು ಸಲ ಬಿದ್ದರು. ಮೂರನೇ ಸಲ ಏಳಲಿಲ್ಲ.

ಇವನ್ನು ನೋಡಿ ನಗುವ ಮೊದಲು ಒಂದು ಮಾತು. ಅಲ್ಲಿ ಸೋತವರು ಅದಕ್ಕೆ ಮೊದಲು ಅಂಥ ಪಂದ್ಯ ಆಡಿದವರಲ್ಲ. ಶಿಷ್ಯರು ಮರ್ಯಾದೆಗೆ ಬೀಳುತ್ತಿದ್ದರು, ಗುರುಗಳು ಅದನ್ನು ನಂಬಿದ್ದರು. ಅಂಥ ಗುರುವಿನ ಸೋಲಿನಿಂದ ಕುಂಗ್ ಫು ಬಗ್ಗೆ ತಿಳಿಯುವುದು ಕಡಿಮೆ, ನಂಬಿಕೆ ಬಗ್ಗೆ ತಿಳಿಯುವುದು ಜಾಸ್ತಿ. ಶು ಅವರಿಗೂ ಇದರಿಂದ ಸುಖ ಸಿಗಲಿಲ್ಲ. ಚೆನ್ ಶಿಯಾವೊವಾಂಗ್ ಎಂಬ ಹೆಸರಾಂತ ತಾಯ್ ಚಿ ಗುರುವನ್ನು ಮೋಸಗಾರ ಅಂದಿದ್ದಕ್ಕೆ ಕೋರ್ಟ್ ಅವರಿಗೆ ದಂಡ ಹಾಕಿ, ಕ್ಷಮೆ ಕೇಳಲು ಹೇಳಿತು.

ಹಳೆ ಕಾಲದ ಗುರುಗಳಾದರೆ ಬೇರೆ ಥರ ಇರುತ್ತಿದ್ದರು, ಅಲ್ವಾ?

ಇರಬಹುದು, ಆದರೆ ಹಳೆ ಕಾಲದಲ್ಲೂ ಪರೀಕ್ಷೆ ನಡೆದಿದೆ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸರ್ಕಾರದ ಕಡೆಯಿಂದಲೇ ದೊಡ್ಡ ಪಂದ್ಯಾವಳಿ ನಡೆಯಿತು. ಎತ್ತರದ ಕಟ್ಟೆ ಮೇಲೆ ಬೇರೆ ಬೇರೆ ಪರಂಪರೆಯವರು ಹೊಡೆದಾಡಿದರು. ಗಾಯಾಳುಗಳು ಎಷ್ಟಾದರು ಅಂದರೆ, ಕೊನೆಯವರೆಗೆ ಉಳಿದವರನ್ನು ಮತ್ತೆ ಹೊಡೆದಾಡಲು ಬಿಡದೆ ಮಾತುಕತೆಯಲ್ಲೇ ಮುಗಿಸಿದರು.

1954ರ ಜನವರಿಯ ಮಕಾವ್ ಪಂದ್ಯ ನನಗೆ ಇನ್ನೂ ಇಷ್ಟ. ಐವತ್ತು ದಾಟಿದ ತಾಯ್ ಚಿ ಗುರು ವು ಗೊಂಗ್‌ಯಿ ಒಂದು ಕಡೆ. ಮೂವತ್ತು ದಾಟಿದ, ವೈಟ್ ಕ್ರೇನ್ (ಬಿಳಿ ಕೊಕ್ಕರೆ) ಪರಂಪರೆಯ ಚಾನ್ ಹಾಕ್ ಫು ಇನ್ನೊಂದು ಕಡೆ. ಸಹಾಯಾರ್ಥ ಪಂದ್ಯ ಅದು. ಅದರ ಫಿಲ್ಮ್ ಇದೆ, ಯಾರು ಬೇಕಾದರೂ ನೋಡಬಹುದು. ಕೊಕ್ಕರೆಯ ಹಾರಾಟವೂ ಕಾಣಲ್ಲ, ಮೆತ್ತಗಿನ ತಾಯ್ ಚಿಯೂ ಕಾಣಲ್ಲ. ಇಬ್ಬರೂ ಕೈ ಬೀಸುತ್ತಾರೆ, ತಪ್ಪುತ್ತದೆ, ಮೂಗಲ್ಲಿ ರಕ್ತ. ಎರಡನೇ ಸುತ್ತಿನಲ್ಲಿ ನಿಲ್ಲಿಸಿ, ಗೆದ್ದವರಿಲ್ಲ ಸೋತವರಿಲ್ಲ ಅಂದರು. ಆ ಬಿಸಿಯಲ್ಲೇ ಹಾಂಗ್‌ಕಾಂಗ್‌ನ ಪತ್ರಿಕೆಯೊಂದು ವೀರರ ಕತ್ತಿ ಕಾಳಗದ ಧಾರಾವಾಹಿ ಶುರು ಮಾಡಿತು, ಜನ ಮುಗಿಬಿದ್ದು ಓದಿದರು. ನಾವು ಕುಂಗ್ ಫು ಅಂದುಕೊಂಡಿರುವುದರಲ್ಲಿ ಅರ್ಧ ಬಂದಿದ್ದು ಆ ಪಂದ್ಯದಿಂದಲ್ಲ, ಅಂಥ ಧಾರಾವಾಹಿಗಳಿಂದ ಮತ್ತು ಸಿನಿಮಾಗಳಿಂದ.

ನಮ್ಮ ಪಟ್ಟುಗಳು ತುಂಬಾ ಅಪಾಯಕಾರಿ, ಅದಕ್ಕೇ ರಿಂಗ್‌ನಲ್ಲಿ ಬಿಡಲ್ಲ ಅಂತಾರಲ್ಲ?

ಕಣ್ಣಿಗೆ ಚುಚ್ಚುವುದು, ಗಂಟಲಿಗೆ ಹೊಡೆಯುವುದು, ತೊಡೆಸಂದಿಗೆ ಒದೆಯುವುದು. ಇವಕ್ಕೆ ಅವಕಾಶ ಕೊಟ್ಟರೆ ಎಂಎಂಎಯವನು ಒಂದು ನಿಮಿಷ ನಿಲ್ಲಲ್ಲ ಅನ್ನುವ ವಾದ ಇದು. ತೆಗೆದುಹಾಕುವಂಥ ವಾದವೇನಲ್ಲ. ನಿಯಮ ಬದಲಾದರೆ ಆಟ ಬದಲಾಗುತ್ತದೆ, ಒಪ್ಪುತ್ತೇನೆ.

ಆದರೆ ನಿಯಮ ಸಡಿಲವಾಗಿದ್ದ ಕಾಲವೂ ಇತ್ತು. ಯುಎಫ್‌ಸಿ 1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಶುರುವಾದಾಗ ತೂಕದ ವಿಭಾಗವೇ ಇರಲಿಲ್ಲ. ಗೆದ್ದಿದ್ದು ತೆಳ್ಳಗಿನ ರಾಯ್ಸ್ ಗ್ರೇಸಿ, ನೆಲದ ಮೇಲೆ ಕತ್ತು ಹಿಸುಕಿ. ಎರಡನೇ ಕೂಟದಲ್ಲಿ ಕುಂಗ್ ಫು ಹಿನ್ನೆಲೆಯ ಜೇಸನ್ ಡೆಲೂಸಿಯಾ ಅವರನ್ನು ಅದೇ ರಾಯ್ಸ್ ಒಂದು ನಿಮಿಷ ಚಿಲ್ಲರೆಯಲ್ಲಿ ಕೈ ಲಾಕ್ ಹಾಕಿ ಸೋಲಿಸಿದರು. 1994ರ ಡಿಸೆಂಬರ್‌ನಲ್ಲಿ ಕೀತ್ ಹ್ಯಾಕ್ನಿ ಎದುರಾಳಿಯ ತೊಡೆಸಂದಿಗೆ ಒಂದರ ಮೇಲೊಂದು ಗುದ್ದು ಹಾಕಿದರು. ಆಗ ಅದಕ್ಕೆ ಅವಕಾಶವಿತ್ತು. ಎದುರಾಳಿ ತಕ್ಷಣ ಬಿಟ್ಟುಕೊಡಲಿಲ್ಲ.

ಇನ್ನು ಕಣ್ಣಿನ ವಿಷಯ. 1995ರಲ್ಲಿ ಜಪಾನ್‌ನ ಒಂದು ಪಂದ್ಯದಲ್ಲಿ ಜೆರಾರ್ಡ್ ಗೋರ್ಡೋ ನಿಯಮ ಮುರಿದು ಯೂಕಿ ನಕಾಯ್ ಅವರ ಕಣ್ಣಿಗೆ ಬೆರಳು ಹಾಕಿದರು. ನಕಾಯ್‌ಗಿಂತ ಗೋರ್ಡೋ ಬಹಳ ದೊಡ್ಡ ಆಳು. ನಕಾಯ್ ಬಲಗಣ್ಣಿನ ದೃಷ್ಟಿ ಶಾಶ್ವತವಾಗಿ ಹೋಯಿತು. ಅಷ್ಟಾದರೂ ಅವತ್ತು ಗೆದ್ದಿದ್ದು ನಕಾಯ್, ಕಾಲಿಗೆ ಲಾಕ್ ಹಾಕಿ. ಅದೇ ದಿನ ಮುಂದಿನ ಸುತ್ತುಗಳನ್ನೂ ಆಡಿದರು. ಕಣ್ಣಿಗೆ ಚುಚ್ಚುವುದು ಮನುಷ್ಯನ ಬದುಕು ಹಾಳು ಮಾಡುತ್ತದೆ. ಕುಸ್ತಿ ಬಲ್ಲವನನ್ನು ನಿಲ್ಲಿಸುತ್ತದೆ ಅಂತ ಮಾತ್ರ ಖಾತ್ರಿ ಇಲ್ಲ.

ಇನ್ನೊಂದು ತೊಂದರೆ ಇದೆ. ಕಣ್ಣಿಗೆ ಚುಚ್ಚುವುದನ್ನು ಅಭ್ಯಾಸದಲ್ಲಿ ಪೂರ್ತಿ ಮಾಡಲು ಆಗುವುದೇ ಇಲ್ಲ. ಗಾಳಿಯಲ್ಲಿ ಮಾಡಬೇಕು. ಮೂಗಿಗೆ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹಾಕುವುದನ್ನು ಮಾತ್ರ ದಿನಾ ಜೀವಂತ ಮನುಷ್ಯನ ಮೇಲೆ ಮಾಡಬಹುದು. ವರ್ಷ ಕಳೆದ ಮೇಲೆ ಯಾರ ಕೈ ಗುರಿ ಮುಟ್ಟುತ್ತದೆ?

ಸರಿ, ರಿಂಗ್‌ನಲ್ಲಿ ನಿಜವಾಗಿ ನಡೆದಿರುವ ಕುಂಗ್ ಫು ಪಟ್ಟು ಯಾವುವು?

ಇದು ನನಗೆ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಮೊಣಕಾಲಿನ ಮೇಲೆ ಓರೆಯಾಗಿ ಹಾಕುವ ತಳ್ಳು ಒದೆತ. ವಿಂಗ್ ಚುನ್ ಎಂಬ ಕುಂಗ್ ಫು ಪರಂಪರೆಯಲ್ಲಿ ಹಳೆಯದು, ಈಗ ಎಲ್ಲರೂ ಓಬ್ಲಿಕ್ ಕಿಕ್ ಅನ್ನುತ್ತಾರೆ. ಇದು ಸಿನಿಮಾ ಪಟ್ಟು ಅಂತ ನಗುತ್ತಿದ್ದವರಿದ್ದರು. ಯುಎಫ್‌ಸಿಯ ಜಾನ್ ಜೋನ್ಸ್ ಇದನ್ನೇ ಇಟ್ಟುಕೊಂಡು ಎದುರಾಳಿಗಳನ್ನು ಹತ್ತಿರ ಬರದಂತೆ ತಡೆದರು. 2017ರಲ್ಲಿ ಯೋಯೆಲ್ ರೊಮೆರೊ ಇದೇ ಒದೆತದಿಂದ ರಾಬರ್ಟ್ ವಿಟಾಕರ್ ಮೊಣಕಾಲಿಗೆ ಪೆಟ್ಟು ಮಾಡಿದರು. ಆದರೂ ವಿಟಾಕರ್ ಗೆದ್ದರು, ಅದು ಬೇರೆ ಮಾತು. ನನ್ನ ಕ್ಲಾಸ್‌ನಲ್ಲಿ ಇದನ್ನು ತೊಡೆಗೆ, ಅದೂ ಮೆಲ್ಲಗೆ ಹಾಕಿಸುತ್ತೇನೆ. ಮೊಣಕಾಲಿನ ಲಿಗಮೆಂಟ್ ಹೋದರೆ ವರ್ಷವೇ ಹೋದ ಹಾಗೆ.

ಎರಡನೆಯದು ಸೈಡ್ ಕಿಕ್ ಮತ್ತು ತಿರುಗಿ ಹಾಕುವ ಒದೆತ. ಇದಕ್ಕೆ ಕುಂಗ್ ಲೇ ಅವರ ಪಂದ್ಯಗಳನ್ನು ನೋಡಬೇಕು. ಸಾಂಡಾದಿಂದ ಬಂದವರು. 2008ರ ಮಾರ್ಚ್‌ನಲ್ಲಿ ಕುಂಗ್ ಲೇ ಹಾಕಿದ ಒದೆತಗಳನ್ನು ಫ್ರಾಂಕ್ ಶ್ಯಾಮ್ರಾಕ್ ಕೈಯಿಂದ ತಡೆಯುತ್ತಲೇ ಇದ್ದರು. ತಡೆದು ತಡೆದು ಶ್ಯಾಮ್ರಾಕ್ ಕೈಮೂಳೆಯೇ ಮುರಿಯಿತು, ಬೆಲ್ಟ್ ಕುಂಗ್ ಲೇ ಪಾಲಾಯಿತು. ಒದೆತ ತಡೆದರೆ ಸಾಕು ಅನ್ನುವವರಿಗೆ ಈ ಪಂದ್ಯ ತೋರಿಸಿ.

ಮೂರನೆಯದು ಒದೆಯುವವನ ಕಾಲು ಹಿಡಿದು ನಿಂತ ಕಾಲನ್ನು ಗುಡಿಸಿ ಬೀಳಿಸುವುದು. ಸಾಂಡಾದ ಜೀವಾಳವೇ ಇದು. ದಾಗೆಸ್ತಾನದ ಜಾಬಿತ್ ಮಗೊಮೆದ್‌ಶರಿಪೋವ್ ಯುಎಫ್‌ಸಿಯಲ್ಲಿ ಇದನ್ನು ನೀರು ಕುಡಿದಷ್ಟು ಸುಲಭವಾಗಿ ಮಾಡುತ್ತಿದ್ದರು. ಅವರು ಬೆಳೆದದ್ದೂ ಅಲ್ಲಿನ ವುಷು (ಕುಂಗ್ ಫುವಿನ ಕ್ರೀಡಾ ರೂಪ) ಶಾಲೆಯಲ್ಲಿ.

ಇನ್ನು ಜನ ತುಂಬಾ ಕೇಳುವ ಚೇನ್ ಪಂಚ್. ಒಂದರ ಹಿಂದೆ ಒಂದು ನೇರ ಗುದ್ದು ಹಾಕುತ್ತಾ ಮುಂದೆ ನುಗ್ಗುವುದು. 1998ರಲ್ಲಿ ವಿಟರ್ ಬೆಲ್ಫೋರ್ಟ್ ಹೀಗೇ ನುಗ್ಗಿ ವಾಂಡರ್ಲಿ ಸಿಲ್ವಾರನ್ನು ಬೇಲಿಯವರೆಗೆ ಅಟ್ಟಿಕೊಂಡು ಹೋದರು. 44 ಸೆಕೆಂಡ್‌ನಲ್ಲಿ ಮುಗಿಯಿತು. ಆದರೆ ಬೆಲ್ಫೋರ್ಟ್ ವಿಂಗ್ ಚುನ್ ಹುಡುಗ ಅಲ್ಲ. ಅವರ ಪ್ರತಿ ಗುದ್ದಿನ ಹಿಂದೆ ಬಾಕ್ಸಿಂಗ್‌ನ ಭುಜ, ಸೊಂಟ, ಕಾಲು ಇತ್ತು. ಬರೀ ಮೊಣಕೈಯಿಂದ ಪಟಪಟ ಹೊಡೆದರೆ ಸದ್ದು ಬರುತ್ತದೆ ಅಷ್ಟೆ.

ಹಾಗಾದ್ರೆ ನಡೆಯದೇ ಇರುವುದು ಯಾವುದು?

ಸೊಂಟದ ಹತ್ತಿರ ಮುಷ್ಟಿ ಇಟ್ಟುಕೊಂಡು ಹೊಡೆದಾಡುವುದು. ಗಲ್ಲ ಬಯಲಲ್ಲಿ ಇರುತ್ತದೆ. ಬರುವ ಗುದ್ದನ್ನು ಗಾಳಿಯಲ್ಲೇ ಮಣಿಕಟ್ಟು ಹಿಡಿದು ತಿರುವುವುದೂ ಆಗದ ಮಾತು. ಗುದ್ದು ಅಷ್ಟು ಹೊತ್ತು ಅಲ್ಲಿ ಇರಲ್ಲ, ಗ್ಲೌಸ್ ಹಾಕಿದರೆ ಹಿಡಿಯಲು ಜಾಗವೂ ಇಲ್ಲ. ಪ್ರಾಣಿಗಳ ಭಂಗಿ ನೋಡಲು ಚಂದ. ಮುಟ್ಟದೇ ಬೀಳಿಸುವ ಶಕ್ತಿಯ ಬಗ್ಗೆ ಬರೆಯಲು ಏನೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ನೆಲದ ಮೇಲೆ. ಬಿದ್ದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಬಹಳಷ್ಟು ಕುಂಗ್ ಫು ಪರಂಪರೆಗಳಲ್ಲಿ ಉತ್ತರವೇ ಇಲ್ಲ. ಎಂಎಂಎ ಆಡಬೇಕು ಅಂದರೆ ಜುಜುತ್ಸುವನ್ನೋ ಕುಸ್ತಿಯನ್ನೋ ಬೇರೆ ಕಲಿಯಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಸಾಂಡಾ ಅಂದ್ರೆ ಕುಂಗ್ ಫುನಾ, ಕಿಕ್‌ಬಾಕ್ಸಿಂಗಾ?

ಕುಂಗ್ ಫುವಿನ ಒದೆತ, ಗುದ್ದು, ಚೀನೀ ಕುಸ್ತಿಯ ಎಸೆತ ಇವನ್ನೆಲ್ಲ ಸೇರಿಸಿ, ಗ್ಲೌಸ್ ಹಾಕಿ, ಅಂಕ ಕೊಟ್ಟು ಮಾಡಿದ ಆಟ. 1991ರಲ್ಲಿ ಬೀಜಿಂಗ್‌ನ ಮೊದಲ ವಿಶ್ವ ವುಷು ಚಾಂಪಿಯನ್‌ಷಿಪ್‌ನಿಂದಲೂ ಇದೆ, 1998ರಿಂದ ಏಷ್ಯನ್ ಗೇಮ್ಸ್‌ನಲ್ಲೂ ಇದೆ. 8 ಮೀಟರ್ ಚೌಕದ, 80 ಸೆಂಟಿಮೀಟರ್ ಎತ್ತರದ ಕಟ್ಟೆ. ಸುತ್ತ ಹಗ್ಗ ಇಲ್ಲ. ತಳ್ಳಿದರೆ ಕೆಳಗೆ ಬೀಳುತ್ತೀರಿ, ಎದುರಾಳಿಗೆ ಅಂಕ. ಗುದ್ದಿಗೆ 1 ಅಂಕ. ಎದುರಾಳಿಯನ್ನು ಬೀಳಿಸಿ ನೀವು ನಿಂತೇ ಇದ್ದರೆ 2. ಮೊಣಕೈ, ಮೊಣಕಾಲಿನ ಏಟು ಇಲ್ಲ. ನೆಲದ ಮೇಲಿನ ಆಟವೂ ಇಲ್ಲ.

"ಇದು ಬರೀ ಕಿಕ್‌ಬಾಕ್ಸಿಂಗ್, ಕುಂಗ್ ಫು ಎಲ್ಲಿದೆ" ಅಂತ ಮೂಗು ಮುರಿಯುವವರಿದ್ದಾರೆ. ಎರಡು ಕೈ ಎರಡು ಕಾಲಿನ ಮನುಷ್ಯರು ನಿಜವಾಗಿ ಹೊಡೆದಾಡಿದರೆ ಹೆಚ್ಚು ಕಡಿಮೆ ಹಾಗೇ ಕಾಣುತ್ತದೆ. ಏನು ಮಾಡುವುದು?

ಕುಂಗ್ ಫು, ವುಷುವಿನಿಂದ ಬಂದು ಗೆದ್ದ ಭಾರತದವರು ಯಾರಾದರೂ ಇದ್ದಾರಾ?

ಇದ್ದಾರೆ. ನಮ್ಮ ಹುಡುಗರಿಗೆ ಬ್ರೂಸ್ ಲೀ ಗೊತ್ತು, ಇವರು ಗೊತ್ತಿಲ್ಲ. ಅದೇ ನನಗೆ ಬೇಜಾರು.

ಪೂಜಾ ಕಡಿಯಾನ್ 2017ರಲ್ಲಿ ರಷ್ಯಾದ ಕಜಾನ್‌ನಲ್ಲಿ ವಿಶ್ವ ವುಷು ಚಾಂಪಿಯನ್‌ಷಿಪ್‌ನ ಚಿನ್ನ ಗೆದ್ದರು, ಸಾಂಡಾ 75 ಕೆ.ಜಿ. ವಿಭಾಗದಲ್ಲಿ. ಭಾರತಕ್ಕೆ ಅದೇ ಮೊದಲ ಚಿನ್ನ. ಮಣಿಪುರದ ನವೊರೆಮ್ ರೋಶಿಬಿನಾ ದೇವಿ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕಂಚು, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದರು. ಉತ್ತರ ಪ್ರದೇಶದ ಪೂಜಾ ತೋಮರ್ ಮೊದಲು ರಾಷ್ಟ್ರಮಟ್ಟದ ವುಷು ಆಟಗಾರ್ತಿ, ಆಮೇಲೆ ಎಂಎಂಎಗೆ ಹೋದವರು. 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯರಾದರು. ಗಮನಿಸಿ, ಮೂವರೂ ಹೆಣ್ಣುಮಕ್ಕಳು.

ಚೀನಾದ ಕಡೆ ನೋಡಿದರೆ ಝಾಂಗ್ ವೇಲಿ. ಅವರದ್ದೂ ಸಾಂಡಾ ಹಿನ್ನೆಲೆ. 2019ರಲ್ಲಿ ಶೆನ್‌ಝೆನ್‌ನಲ್ಲಿ 42 ಸೆಕೆಂಡ್‌ನಲ್ಲಿ ಯುಎಫ್‌ಸಿ ಬೆಲ್ಟ್ ಗೆದ್ದು ಚೀನಾದ ಮೊದಲ ಯುಎಫ್‌ಸಿ ಚಾಂಪಿಯನ್ ಆದರು.

ಗರಡಿ ಪೈಲ್ವಾನ್ ಮತ್ತು ಕುಂಗ್ ಫು ಹುಡುಗ ಎದುರಾದರೆ ಯಾರು ಗೆಲ್ಲುತ್ತಾರೆ?

ಒಂದೇ ತೂಕ, ಒಂದೇ ವಯಸ್ಸು, ಇಬ್ಬರದೂ ಅಷ್ಟೇ ವರ್ಷದ ಅಭ್ಯಾಸ ಅಂದುಕೊಂಡರೆ, ನಾನು ಪೈಲ್ವಾನ್ ಕಡೆ ಹಣ ಕಟ್ಟುತ್ತೇನೆ. ಕುಂಗ್ ಫು ಮಾಸ್ಟರ್ ಆಗಿ ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ.

ಗರಡಿ ಮನೆಯಲ್ಲಿ ಮೊದಲ ದಿನದಿಂದಲೇ ಮೈಗೆ ಮೈ ತಾಗುತ್ತದೆ. ದಂಡ, ಬಸ್ಕಿ ಹೊಡೆದ ಮೇಲೆ ಮಟ್ಟಿಗೆ ಇಳಿದು ಜೋಡಿ ಹಿಡಿಯಬೇಕು. ಎದುರಿಗಿರುವವನು ನಿಮ್ಮನ್ನು ಚಿತ್ ಮಾಡಲು ನಿಜವಾಗಿ ಪ್ರಯತ್ನಿಸುತ್ತಾನೆ. ಅಲ್ಲಿ ಸುಳ್ಳು ಪಟ್ಟು ಒಂದು ವಾರ ಬದುಕಲ್ಲ. ಉಸ್ತಾದ್ ಎಷ್ಟೇ ದೊಡ್ಡವರಾದರೂ, ಅವರು ಹೇಳಿಕೊಟ್ಟ ಪಟ್ಟು ಮಣ್ಣಿನಲ್ಲಿ ನಡೆಯದಿದ್ದರೆ ಹುಡುಗರಿಗೆ ಅವತ್ತೇ ಗೊತ್ತಾಗುತ್ತದೆ. ಇದೂ ಪರಂಪರೆಯ ಕಲೆಯೇ ಅಲ್ವಾ? ಹಾಗಾಗಿ ಹಳೆಯದು ಅನ್ನುವುದು ತೊಂದರೆ ಅಲ್ಲ.

ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗವನ್ನೇ ನೋಡಿ. ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಇಳಿಯುತ್ತಾರೆ. ಕೈಯಲ್ಲಿ ವಜ್ರಮುಷ್ಟಿ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದರೆ ಮುಗಿಯಿತು. ಆಯುಧ ಇದ್ದರೂ ನಿಯಮ ಇದೆ, ನಿಲ್ಲಿಸುವವರು ಇದ್ದಾರೆ. ಕೊಲ್ಲುವ ಕಲೆಗೆ ನಿಯಮ ಹಾಕಲು ಆಗಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಪೈಲ್ವಾನ್‌ಗೂ ಕೊರತೆ ಇದೆ ಅನ್ನಿ. ಮುಖಕ್ಕೆ ಗುದ್ದು ಬಂದರೆ ಅವನಿಗೆ ಅಭ್ಯಾಸ ಇಲ್ಲ. ಗರಡಿಯಿಂದ ಬಂದ ಹುಡುಗನಿಗೆ ಸಾಂಡಾದ ಗುದ್ದು, ಒದೆತ ಕಲಿಸಿದರೆ ಮುಂದೆ ಏನಾಗುತ್ತಾನೆ ನೋಡಿ.

ಹಾಗಾದ್ರೆ ಫಾರ್ಮ್ಸ್ ಕಲಿಯುವುದು ದಂಡನಾ?

ದಂಡ ಅಲ್ಲ. ಫಾರ್ಮ್ಸ್ ಅಂದರೆ ಎದುರಾಳಿ ಇಲ್ಲದೆ ಒಬ್ಬರೇ ಕ್ರಮವಾಗಿ ಮಾಡುವ ಪಟ್ಟುಗಳ ಸರಣಿ. ಕುದುರೆ ನಿಲುವಿನಲ್ಲಿ ನಿಂತರೆ ತೊಡೆ ಗಟ್ಟಿಯಾಗುತ್ತದೆ, ಸಮತೋಲ ಬರುತ್ತದೆ, ಮೈ ಒಟ್ಟಿಗೆ ತಿರುಗುವುದು ಗೊತ್ತಾಗುತ್ತದೆ. ಆದರೆ ಅದು ಹೊಡೆದಾಟದ ನಿಲುವಲ್ಲ. ಬರೀ ಫಾರ್ಮ್ಸ್ ಮಾಡಿ ರಿಂಗ್‌ಗೆ ಇಳಿಯುವುದು, ಮೈದಾನದಲ್ಲಿ ಎಂಟು ಹಾಕಿ ಲೈಸೆನ್ಸ್ ತಗೊಂಡವನು ಜುಲೈ ಮಳೆಯಲ್ಲಿ ಶಿರಾಡಿ ಘಾಟ್ ಇಳಿದ ಹಾಗೆ. ಎಂಟು ಹಾಕಿದ್ದು ತಪ್ಪಲ್ಲ, ಅಷ್ಟೇ ಸಾಕಾಗಲ್ಲ.

ಫಾರ್ಮ್ಸ್ ಇಷ್ಟ ಅಂದರೆ ಅದಕ್ಕೇ ಬೇರೆ ಸ್ಪರ್ಧೆ ಇದೆ, ತಾವ್‌ಲು ಅಂತಾರೆ. ಅದರಲ್ಲಿ ಎದುರಾಳಿ ಇರಲ್ಲ, ಆದರೆ ಆ ಜಿಗಿತಗಳು ಹುಡುಗಾಟವಲ್ಲ.

ಬ್ರೂಸ್ ಲೀ ಯುಎಫ್‌ಸಿಯಲ್ಲಿ ಗೆಲ್ಲುತ್ತಿದ್ದರಾ?

ಅವರು ತೀರಿಕೊಂಡದ್ದು 1973ರಲ್ಲಿ, 32ನೇ ವಯಸ್ಸಿಗೆ. ವೃತ್ತಿಪರ ಪಂದ್ಯ ಆಡಿದವರಲ್ಲ. ಆದರೆ ವಿಂಗ್ ಚುನ್ ಕಲಿತು, ಬಾಕ್ಸಿಂಗ್ ಫಿಲ್ಮ್ ನೋಡಿ, ಫೆನ್ಸಿಂಗ್ ಓದಿ, ಬೇಕಾದ್ದು ಇಟ್ಟುಕೊಂಡು ಬೇಡದ್ದು ಬಿಟ್ಟರು. ಪ್ಯಾಡ್ ಕಟ್ಟಿಕೊಂಡು ಸ್ಪಾರಿಂಗ್ (ಜೋಡಿಯಾಗಿ ಅಭ್ಯಾಸದ ಹೊಡೆದಾಟ) ಮಾಡಿದರು. ಪೋಸ್ಟರ್ ಅಂಟಿಸುವವರು ಈ ಭಾಗ ಬಿಟ್ಟುಬಿಡುತ್ತಾರೆ.

ಬ್ಲ್ಯಾಕ್ ಬೆಲ್ಟ್ ಎಷ್ಟು ವರ್ಷಕ್ಕೆ ಕೊಡುತ್ತೀರಿ?

ಕೊಡುವುದಿಲ್ಲ. ಬಣ್ಣದ ಬೆಲ್ಟ್ ಮೂಲದಲ್ಲಿ ಕುಂಗ್ ಫುವಿನದ್ದಲ್ಲ, ಜೂಡೋದಿಂದ ಶುರುವಾಗಿ ಹರಡಿದ್ದು.

ಮಗನಿಗೆ ಒಂಬತ್ತು ವರ್ಷ. ಸ್ಪಾರಿಂಗ್ ಅಂದ್ರೆ ಭಯ ಆಗುತ್ತೆ. ತಲೆಗೆ ಪೆಟ್ಟಾದರೆ?

ಭಯ ಸರಿಯಾದದ್ದೇ. ಆ ವಯಸ್ಸಿಗೆ ತಲೆಗೆ ಹೊಡೆಯುವ ಸ್ಪಾರಿಂಗ್ ಬೇಡ. ಎಳೆದಾಡುವುದು, ಬೀಳಿಸುವುದು, ಬೀಳುವುದನ್ನು ಕಲಿಯುವುದು, ಎದೆಗಾರ್ಡ್ ಮೇಲೆ ಮೆಲ್ಲಗೆ ಒದೆಯುವುದು ಸಾಕು. ಎದುರಾಳಿ ಒಪ್ಪದೇ ಇದ್ದಾಗ ಏನಾಗುತ್ತದೆ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ, ಕುಸ್ತಿ ಇರುವುದೇ ಅದಕ್ಕೆ.

ಹೆಡ್‌ಗಾರ್ಡ್ ಹಾಕಿದರೆ ತಲೆ ಸುರಕ್ಷಿತ ಅಂದುಕೊಳ್ಳಬೇಡಿ. ಚರ್ಮ ಹರಿಯುವುದನ್ನು ಅದು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯಲ್ಲ. ಪೆಟ್ಟಾದ ಮೇಲೆ ವಾಂತಿ, ಜಾಸ್ತಿಯಾಗುತ್ತಾ ಹೋಗುವ ತಲೆನೋವು, ಮಂಕು, ಮಾತು ತೊದಲುವುದು ಕಂಡರೆ ನಾಳೆ ನೋಡೋಣ ಅನ್ನಬೇಡಿ. ನೇರ ಹಿಮ್ಸ್‌ಗೋ ಹತ್ತಿರದ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಡಾಕ್ಟರ್ ಸರಿ ಅನ್ನುವವರೆಗೆ ಕ್ಲಾಸ್‌ಗೆ ಕಳಿಸಬೇಡಿ, ಮಾಸ್ಟರ್ ಎಷ್ಟೇ ಕರೆದರೂ.

ಅಮ್ಮನಿಗೆ ಅರವತ್ತೈದು. ತಾಯ್ ಚಿ ಬರೀ ಮೋಸ ಅಂದ್ರೆ ಅವರು ಬಿಟ್ಟುಬಿಡಬೇಕಾ?

ಖಂಡಿತ ಬೇಡ. ವಯಸ್ಸಾದವರು ಜಾರಿ ಬೀಳುವುದು ತಾಯ್ ಚಿಯಿಂದ ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಮಹಾರಾಜ ಪಾರ್ಕ್‌ನಲ್ಲಿ ಬೆಳಿಗ್ಗೆ ಆರಾಮಾಗಿ ಮಾಡಲಿ. ಅಮ್ಮ ಯಾರ ಜೊತೆಗೂ ಕೇಜ್‌ಗೆ ಇಳಿಯಬೇಕಾಗಿಲ್ಲ ತಾನೇ.

ಹಾಸನದಲ್ಲಿ ಕ್ಲಾಸ್ ಹೇಗೆ ಆರಿಸುವುದು? ಎಲ್ಲರೂ ನ್ಯಾಷನಲ್ ಚಾಂಪಿಯನ್ ಅಂತಾರೆ.

ಬ್ಯಾನರ್ ನೋಡಬೇಡಿ. ಪ್ರದರ್ಶನದ ದಿನವೂ ಹೋಗಬೇಡಿ. ಹೆಂಚು ಒಡೆಯುವುದು, ಬೈಕ್ ಮೈಮೇಲೆ ಹತ್ತಿಸಿಕೊಳ್ಳುವುದು ನೋಡಿದರೆ ಕಲಿಸುವುದು ಹೇಗೆ ಅಂತ ತಿಳಿಯಲ್ಲ. ಹೇಳದೇ ಕೇಳದೇ ಒಂದು ಸಾಮಾನ್ಯ ಮಂಗಳವಾರ ಸಂಜೆ ಹೋಗಿ ಮೂಲೆಯಲ್ಲಿ ಕೂತುಕೊಳ್ಳಿ. ಕೂರಲು ಬಿಡದಿದ್ದರೆ ಅಲ್ಲಿಗೇ ಉತ್ತರ ಸಿಕ್ಕಿತು.

ಹುಡುಗರು ಜೋಡಿ ಹಿಡಿದು ಆಡುತ್ತಾರಾ ನೋಡಿ. ಗ್ಲೌಸ್, ಶಿನ್‌ಗಾರ್ಡ್ ಬೆವರಿನ ವಾಸನೆ ಹೊಡೆಯುತ್ತಿದೆಯಾ, ಇಲ್ಲಾ ಕಪಾಟಿನಲ್ಲಿ ಹೊಸದಾಗೇ ಇದೆಯಾ ನೋಡಿ. ಮಾಸ್ಟರ್ ಒಂದು ಪಟ್ಟು ತೋರಿಸುವಾಗ ಹುಡುಗ ಒಪ್ಪದೇ ಕಾಲು ಎಳೆದುಕೊಂಡರೆ ಅವರು ಏನು ಮಾಡುತ್ತಾರೆ ಅಂತಲೂ ನೋಡಿ. "ಹಾಗೆ ಮಾಡಬಾರದು" ಅಂತ ಬೈದರೆ ಬೇರೆ ಕಡೆ ಹೋಗಿ. "ಹಂಗಾ, ಹಾಗಾದ್ರೆ ಈ ಕಡೆಯಿಂದ ಹಾಕು" ಅಂದರೆ ಸೇರಿಸಿ.

ಮೆಡಲ್ ಬಗ್ಗೆಯೂ ಕೇಳಿ. ದುಡ್ಡು ಕೊಟ್ಟು ಹೆಸರು ಬರೆಸಿದವರಿಗೆಲ್ಲ ಮೆಡಲ್ ಕೊಡುವ ಓಪನ್ ಟೂರ್ನಮೆಂಟ್‌ಗಳು ಬೇಕಾದಷ್ಟಿವೆ. ವುಷು ಅಂದರೆ ಸ್ಕೂಲ್ ಗೇಮ್ಸ್ ಫೆಡರೇಷನ್ ಆಫ್ ಇಂಡಿಯಾದ ಆಟಗಳ ಪಟ್ಟಿಯಲ್ಲಿದೆ. ಆ ದಾರಿಯಲ್ಲಿ ಮಕ್ಕಳನ್ನು ಕಳಿಸಿದ್ದಾರಾ, ಕಳಿಸಿದವರು ಎಷ್ಟು ಸುತ್ತು ಆಡಿ ಬಂದರು ಅಂತ ವಿಚಾರಿಸಿ. ಸೋತು ಬಂದ ಮಕ್ಕಳ ಬಗ್ಗೆ ಮಾಸ್ಟರ್ ಬಾಯಿಬಿಟ್ಟು ಹೇಳಿದರೆ ಒಳ್ಳೆಯ ಲಕ್ಷಣ. ಆಲೂರು, ಸಕಲೇಶಪುರದ ಕಡೆಯಿಂದ ಬರುವವರು ಕೊನೆ ಬಸ್ಸಿನ ಹೊತ್ತನ್ನೂ ನೋಡಿಕೊಂಡು ಸೇರಿಸಿ. ಮಳೆಗಾಲದಲ್ಲಿ ಅರ್ಧ ಹುಡುಗರು ಬಿಟ್ಟುಹೋಗುವುದು ಅದೊಂದೇ ಕಾರಣಕ್ಕೆ.